ಮೊಲದ ಗೂಡಿನ ಕಬ್ಬಿಣ

ಮಾರ್ಚ್ 3, ಭಾನುವಾರ

ಇವತ್ತು ವಿಲೋ ಮರಗಳ ಕವಲಿನಲ್ಲಿ ನನ್ನ ಗಂಡ ಎವ್ರಾರ್ ಎಡಕ್ಕೆ ತಿರುಗಿದ. ಬಲಕ್ಕೆ ತಿರುಗಬೇಕಿತ್ತು.

ಯಾರಿಗೂ ಅದು ತಪ್ಪು ಎನ್ನಿಸಲಿಲ್ಲ. ಅವನು ತಪ್ಪುವುದುಂಟೇ? ಈ ಬಯಲಿನಲ್ಲಿ ಜೀವಮಾನವಿಡೀ ಸೈಕಲ್ ತುಳಿದು ಟಪಾಲು ಹಂಚಿದವನು. ನಿವೃತ್ತನಾದ ಮೇಲೆ ಪ್ರತಿ ತಿಂಗಳ ಮೊದಲ ಭಾನುವಾರ ಊರಿನವರನ್ನು ನಡಿಗೆಗೆ ಕರೆದೊಯ್ಯುವವನೂ ಅವನೇ. ಚರ್ಚಿನ ಮುಂದಿನಿಂದ ಹೊರಟು, ಕಾಲುವೆಯ ಗುಂಟ ಜರ್ಮನ್ನರ ಬಂಕರಿನವರೆಗೆ, ಅಲ್ಲಿಂದ ಇಂಗ್ಲಿಷ್ ಸೈನಿಕರ ಸ್ಮಶಾನ, ಆಮೇಲೆ ಮನೆ. ಎಲ್ಲೂ ಒಂದು ದಿಬ್ಬವನ್ನೂ ಹತ್ತಬೇಕಾಗಿಲ್ಲ. ನಮ್ಮ ಗುಂಪಿಗೆ ಪಕ್ಕದ ಮನೆಯ ಜೊಸಿಯಾನ್ 'ಚಪ್ಪಟೆ ಪಾದಗಳು' ಎಂದು ಹೆಸರಿಟ್ಟಿದ್ದಾಳೆ.

ಎಡಕ್ಕೆ ಹೋದರೆ ಗೊದ್‌ಫ್ರುವಾನ ಬೀಟ್ ಹೊಲ. ದಾರಿ ಅಲ್ಲಿಗೇ ಮುಗಿಯುತ್ತದೆ. ಕೆಸರಿನ ಅಂಚಿನಲ್ಲಿ ಎವ್ರಾರ್ ನಿಂತ, ಕೋಲು ಊರಿದ. ಆ ಕೋಲು ನಡುಗುತ್ತಿತ್ತು. ಎಲ್ಲರ ಹಿಂದಿದ್ದ ನನಗೆ ಅದು ಅಷ್ಟು ದೂರದಿಂದಲೂ ಕಂಡಿತು. ನಾನು ಯಾವಾಗಲೂ ಹಿಂದೆಯೇ. ಹಸು, ನಾಯಿ, ಗುಡುಗು, ಹೊಲದಲ್ಲಿನ ಕಬ್ಬಿಣ, ಎಲ್ಲಕ್ಕೂ ಹೆದರುವವಳು ಮುಂದೆ ಹೋಗಿ ಮಾಡುವುದೇನು?

"ಇಲ್ಲಿಂದ ನೋಡಿದ್ರೆ ಬಂಕರ್ ಚೆನ್ನಾಗಿ ಕಾಣತ್ತೆ," ಎಂದ ಎವ್ರಾರ್.

ಮಂಜಿನಲ್ಲಿ ಏನೂ ಕಾಣುತ್ತಿರಲಿಲ್ಲ. ಎಲ್ಲರೂ ಹೂಂಗುಟ್ಟಿ ಹಿಂದಿರುಗಿದರು. ಬಂಕರಿನ ಬಳಿ ಅವನು ಚಿಮಣಿ ಕೊಳವೆಯಲ್ಲಿ ಸಿಕ್ಕಿಬಿದ್ದು ಸತ್ತ ಜರ್ಮನ್ ಅಡುಗೆಯವನ ಕಥೆ ಹೇಳಿದ. ಸ್ಮಶಾನದ ಗೇಟಿನ ಬಳಿ ಮತ್ತೆ ಅದನ್ನೇ ಹೇಳಿದ, ಮೊದಲಿನಿಂದ.

"ಪಾಪ, ಒಂದೇ ದಿನ ಎರಡು ಸಲ ಸಾಯಿಸಿದ್ಯಲ್ಲೋ ಅವನ್ನ!" ಎಂದಳು ಜೊಸಿಯಾನ್.

ಎಲ್ಲರೂ ನಕ್ಕರು. ಎವ್ರಾರ್ ಕೂಡ ನಕ್ಕ. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಮಾರ್ಚ್ 4, ಸೋಮವಾರ

ನಾನು ಬರೆಯುವವಳಲ್ಲ. ಶಾಲೆಯ ಮಕ್ಕಳಿಗೆ ಅಡುಗೆ ಮಾಡಿಕೊಂಡಿದ್ದವಳು. ಆದರೆ ಇದನ್ನು ಯಾರಿಗೆ ಹೇಳಲಿ? ಜೊಸಿಯಾನ್‌ಗೆ ಹೇಳಿದರೆ ಮಧ್ಯಾಹ್ನದೊಳಗೆ ಬೇಕರಿಯಲ್ಲಿರುತ್ತದೆ, ಸಂಜೆಗೆ ಮೇಯರ್ ಕಚೇರಿಯಲ್ಲಿ. ಆಮೇಲೆ ಯಾರೋ ಒಬ್ಬರು ಕಾಗದಪತ್ರ ಹಿಡಿದು ಬಂದು ಅವನನ್ನು ಕರೆದುಕೊಂಡು ಹೋಗುತ್ತಾರೆ. ಡಾಕ್ಟರಿಗೂ ಹೇಳುವುದಿಲ್ಲ. ವಯಸ್ಸಾದವರು ಒಮ್ಮೊಮ್ಮೆ ದಾರಿ ತಪ್ಪುತ್ತಾರೆ. ಅಷ್ಟೇ.

ಇನ್ನು ಮೇಲೆ ಅವನು ಹೊರಟಾಗಲೆಲ್ಲ ನಾನೂ ಹೊರಡುವುದು.

ಮಾರ್ಚ್ 12, ಮಂಗಳವಾರ

ಈಗ ದಿನವೂ ನಡೆಯುತ್ತೇವೆ. ನಾನು ಡಾಂಬರಿನ ಮೇಲೆ, ಅವನು ಹುಲ್ಲಿನ ಮೇಲೆ. ಡಾಂಬರು ಬಿಡಬೇಡ, ಕಬ್ಬಿಣ ಮುಟ್ಟಬೇಡ ಎಂದು ನನ್ನಮ್ಮ ಹೇಳಿಕೊಟ್ಟಿದ್ದಳು. ಅವಳ ಅಣ್ಣನನ್ನು ಆಲೂಗಡ್ಡೆ ಸಾಲಿನಲ್ಲಿ ಹುಡುಕಿ ಹುಡುಕಿ ಒಟ್ಟು ಮಾಡಿದ್ದರಂತೆ.

ಉಳುಮೆ ಶುರುವಾಗಿದೆ. ಹದಿನಾಲ್ಕರ ಯುದ್ಧದ, ಅಂದರೆ ಮೊದಲ ಮಹಾಯುದ್ಧದ ಗುಂಡುಗಳು ಎಂದಿನಂತೆ ಮೇಲೆ ಬರುತ್ತಿವೆ. ಗೊದ್‌ಫ್ರುವಾ ತನ್ನ ಹೊಲದ ಮೂಲೆಯ ವಿದ್ಯುತ್ ಕಂಬದ ಬುಡದಲ್ಲಿ ಅವುಗಳನ್ನು ಒಟ್ಟಿದ್ದಾನೆ. ಬಾಂಬ್ ದಳದವರು ಯಾವಾಗಲಾದರೂ ಬಂದು ಒಯ್ಯುತ್ತಾರೆ. ತುಕ್ಕು ತಿಂದ, ಮಣ್ಣು ಮೆತ್ತಿದ ಫಿರಂಗಿ ಗುಂಡುಗಳು. ದೂರದಿಂದ ಯಾರೋ ಮರೆತು ಹೋದ ಗೆಣಸಿನ ಹಾಗೆ ಕಾಣುತ್ತವೆ.

ಎವ್ರಾರ್ ಅವುಗಳ ಮುಂದೆ ಕುಕ್ಕರಗಾಲಲ್ಲಿ ಕೂತ. ನಾನು ಡಾಂಬರಿನ ಅಂಚಿನಿಂದಲೇ ಕೂಗಿದೆ.

"ಏಳು ಎವ್ರಾರ್. ಮುಟ್ಬೇಡ."

"ಮುಟ್ತಿಲ್ವೇ, ನೋಡ್ತಿದ್ದೀನಿ." ಒಂದು ಗುಂಡಿನ ಸೊಂಟದ ಸುತ್ತ ಇದ್ದ ಹಸಿರು ಪಟ್ಟಿಯತ್ತ ಬೆರಳು ತೋರಿಸಿದ. "ತಾಮ್ರ. ಅಪ್ಪ ನೋಡಿದ್ರೆ ಕುಣಿದಾಡ್ತಾರೆ."

ಅವನ ಅಪ್ಪ ತೀರಿಕೊಂಡು ನಲವತ್ತು ವರ್ಷದ ಮೇಲಾಯಿತು. ಎವ್ರಾರ್ ಚಿಕ್ಕವನಿದ್ದಾಗ ಮನೆಯಲ್ಲಿ ಬಡತನ. ಅಪ್ಪ ಇಂಥ ಗುಂಡುಗಳನ್ನು ಆರಿಸಿ ತಂದು ಉಳಿ ಹೊಡೆದು ತಾಮ್ರದ ಪಟ್ಟಿ ಬಿಡಿಸಿ ಗುಜರಿಯವನಿಗೆ ಮಾರುತ್ತಿದ್ದರು. ಅದರಲ್ಲೇ ಎಡಗೈಯ ಎರಡು ಬೆರಳು ಹೋದವು. ನಡಿಗೆಯಲ್ಲಿ ಎವ್ರಾರ್ ಪ್ರತಿ ಸಲವೂ ಆ ಬೆರಳುಗಳ ಕಥೆ ಹೇಳಿ, ಹೊಸಬರಿಗೆ "ಏನು ಕಂಡ್ರೂ ಕೈ ಜೇಬಲ್ಲಿರ್ಲಿ" ಎಂದು ಎಚ್ಚರಿಸುತ್ತಿದ್ದ.

"ನೋಡಿದ್ರೆ ಅಂದ್ಯಾ? ನೋಡಿದ್ದಿದ್ರೆ ಅಂತ ತಾನೇ?" ಎಂದು ಕೇಳಿದೆ.

ಅವನು ನನ್ನನ್ನೇ ನೋಡಿದ. "ಏನು ವ್ಯತ್ಯಾಸ?" ಎಂದ.

ಮಾರ್ಚ್ 20, ಬುಧವಾರ

ಒಳ್ಳೆಯ ದಿನ. ಕಾಫಿ ಅವನೇ ಮಾಡಿದ. ಮೇಯರನ್ನು ಚೆನ್ನಾಗಿ ಬೈದ. ನಾನು ಸುಮ್ಮನೆ ಹೆದರಿಕೊಂಡೆನೇನೋ.

ಮಾರ್ಚ್ 28, ಗುರುವಾರ

ಗೊದ್‌ಫ್ರುವಾ ಬಂದಿದ್ದ. ಬೂಟು ಕಳಚದೆ ಬಾಗಿಲಲ್ಲೇ ನಿಂತು ಮಾತಾಡಿದ.

"ನನ್ನ ಕಂಬದ ಹತ್ರ ಇದ್ದಿದ್ರಲ್ಲಿ ಎರಡು ಇಲ್ಲ, ಒದೀಲ್. ಆ ಲೋಹ ಹುಡುಕೋ ಯಂತ್ರ ಹಿಡ್ಕೊಂಡು ಪಟ್ಟಣದಿಂದ ಬರ್ತಾರಲ್ಲ, ಅವರದೇ ಕೆಲಸ. ಬೆಂಕಿಗೂಡಿನ ಮೇಲೆ ಅಲಂಕಾರಕ್ಕೆ ಇಟ್ಕೊಳ್ತಾರೆ ದರಿದ್ರದೋರು. ಎವ್ರಾರ್ ದಿನಾ ಆ ಕಡೆ ಓಡಾಡ್ತಾನಲ್ಲ, ಯಾರನ್ನಾದ್ರೂ ಕಂಡನಾ?"

"ಇಲ್ಲಪ್ಪ, ನಾವ್ಯಾರನ್ನೂ ಕಾಣ್ಲಿಲ್ಲ," ಎಂದೆ.

"ಅದ್ರಲ್ಲಿ ಒಂದು ಅಲ್ಲಾಡಿಸಿದ್ರೆ ಒಳಗೆ ನೀರು ಕುಲುಕಿದ ಹಾಗೆ ಸದ್ದು ಮಾಡ್ತಿತ್ತು. ವಿಷದ ಗಾಳಿ ತುಂಬಿದ್ದು. ಅಲಂಕಾರಕ್ಕೆ ಇಟ್ಕೊಂಡೋನು ಅಲಂಕಾರ ಮಾಡ್ಕೊಂಡೇ ಹೋಗ್ತಾನೆ."

ಅವನು ಹೋದ ಮೇಲೆ ಎವ್ರಾರ್‌ನ ಟಪಾಲು ಚೀಲ ಗೂಟದಿಂದ ತೆಗೆದು ಮೂಸಿದೆ. ಹಸಿ ಮಣ್ಣು. ತಳದಲ್ಲಿ ಕಿತ್ತಳೆ ಬಣ್ಣದ ಪುಡಿ. ಬೆರಳಿಗೆ ಅಂಟಿತು, ಉಜ್ಜಿದರೂ ಬೇಗ ಹೋಗಲಿಲ್ಲ. ನಾನು ಸ್ನಾನ ಮಾಡುವಷ್ಟು ಹೊತ್ತಿನಲ್ಲಿ ಅವನು ಹೋಗಿ ಬಂದಿರಬೇಕು.

ನೆಲಮಾಳಿಗೆ ನೋಡಿದೆ. ಬೀರು ನೋಡಿದೆ. ಹಾಸಿಗೆಯ ಕೆಳಗೆ ಮಂಡಿಯೂರಿ ನೋಡಿದೆ. ಕಲ್ಲಿದ್ದಲಿನ ಪೆಟ್ಟಿಗೆ, ಒಲೆಯ ಹಿಂಭಾಗ. ಪ್ರತಿ ಬಾಗಿಲು ತೆರೆಯುವಾಗಲೂ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡೆ. ಸಿಡಿದರೆ ಮುಖ ಉಳಿಯುತ್ತದೆಂದೋ ಏನೋ.

"ಏನು ಕಳ್ಕೊಂಡೆ?" ಎಂದ ಎವ್ರಾರ್.

"ಕತ್ತರಿ."

ಅವನು ನನ್ನ ಜೊತೆ ಕೂತು ಪ್ರೀತಿಯಿಂದ ಕತ್ತರಿ ಹುಡುಕಿದ.

ಏಪ್ರಿಲ್ 5, ಶುಕ್ರವಾರ

ಸಿಕ್ಕಿತು.

ಹಿತ್ತಲಿನ ಕೊಟ್ಟಿಗೆಯಲ್ಲಿ, ಮೊಲದ ಗೂಡಿನಲ್ಲಿ. ಮೊಲ ಸಾಕುವುದನ್ನು ಬಿಟ್ಟು ಬಹಳ ಕಾಲವಾಯಿತು, ಗೂಡು ಖಾಲಿಯಿತ್ತು. ಈಗ ಹೊಸ ಹುಲ್ಲು ಹಾಸಿದೆ. ಮೇಲೆ ಗೋಣಿ ಹೊದಿಸಿದೆ. ಗೋಣಿ ಎತ್ತಿದರೆ ಎರಡು, ಒಂದರ ಪಕ್ಕ ಒಂದು, ಮಲಗಿಸಿದ ಹಾಗೆ.

ಗೋಣಿಯನ್ನು ಮತ್ತೆ ಹೊದಿಸಿದೆ. ಯಾಕೆ ಹೊದಿಸಿದೆನೋ ತಿಳಿಯದು. ಹಿಮ್ಮುಖವಾಗಿ ನಡೆಯುತ್ತ ಅಡುಗೆಮನೆಗೆ ಬಂದೆ. ಎವ್ರಾರ್ ರೇಡಿಯೋ ಕೇಳುತ್ತಿದ್ದ.

ಫೋನು ಮಾಡಬೇಕು. ಮಾಡಿದರೆ ಪೊಲೀಸರು ಬರುತ್ತಾರೆ. ಯಾರು ತಂದದ್ದು ಎನ್ನುತ್ತಾರೆ. ಅವನು ನಗುತ್ತ "ಅಪ್ಪನಿಗೆ" ಎನ್ನುತ್ತಾನೆ. ಮುಗಿಯಿತು, ಅವತ್ತೇ ಕರೆದುಕೊಂಡು ಹೋಗುತ್ತಾರೆ. ಭಾನುವಾರ ನಡಿಗೆಯಿದೆ. ಅದೊಂದು ಮುಗಿಯಲಿ. ಒಂದು ಸಲ ಅವನು ಮರ್ಯಾದೆಯಿಂದ ಎಲ್ಲರ ಮುಂದೆ ನಡೆದು ಬರಲಿ.

ಕೊಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ಒಳಂಗಿಯಲ್ಲಿ ಇಟ್ಟುಕೊಂಡಿದ್ದೇನೆ. ಬಗ್ಗಿದಾಗೆಲ್ಲ ಎದೆಗೆ ತಣ್ಣಗೆ ತಾಗುತ್ತದೆ.

ಏಪ್ರಿಲ್ 6, ಶನಿವಾರ

ಜೋರಾಗಿ ಪಾತ್ರೆ ಇಡಲೂ ಭಯ. ಪಕ್ಕದ ಮನೆಯಲ್ಲಿ ಜೊಸಿಯಾನ್ ಬಾಗಿಲು ಬಡಿದರೆ ಬೈಯಬೇಕೆನಿಸುತ್ತದೆ. ಅವಳ ಮಲಗುವ ಕೋಣೆ ನಮ್ಮ ಕೊಟ್ಟಿಗೆಯ ಗೋಡೆಗೇ ಆತುಕೊಂಡಿದೆ. ಅದನ್ನು ಯೋಚಿಸುವುದಿಲ್ಲ ಎಂದು ನಿರ್ಧರಿಸಿ ದಿನವೆಲ್ಲ ಅದನ್ನೇ ಯೋಚಿಸಿದೆ.

ಏಪ್ರಿಲ್ 7, ಭಾನುವಾರ

ಮಂಜು. ಹತ್ತು ಹೆಜ್ಜೆ ಮುಂದೆ ಹೋದವರು ಬೂದಿ ಬಣ್ಣವಾಗಿ ಕರಗುತ್ತಿದ್ದರು. ನಮ್ಮ ಬಯಲಿನಲ್ಲಿ ಗುರುತಿಗೆ ಬೆಟ್ಟವಿಲ್ಲ, ತಿರುವಿಲ್ಲ. ಚರ್ಚಿನ ಗೋಪುರ ಮಾಯವಾಯಿತೆಂದರೆ ಎಲ್ಲ ದಿಕ್ಕೂ ಒಂದೇ.

ಎವ್ರಾರ್ ಮುಂದೆ ಬೀಸಾಗಿ ನಡೆದ. ಕವಲು ದಾಟಿದ. ಕಾಲುವೆಯ ಸದ್ದು ಬಲಗಡೆ ಇರಬೇಕಾದದ್ದು ಎಡಗಡೆ ಕೇಳಿತು. ಎಲ್ಲರೂ ಅವನ ಹಿಂದೆಯೇ ಹೋದರು. ಜೊಸಿಯಾನ್ ತನ್ನ ಮಂಡಿನೋವಿನ ಬಗ್ಗೆ ದೊಡ್ಡ ದನಿಯಲ್ಲಿ ಮಾತಾಡುತ್ತಲೇ ಇದ್ದಳು. ಪಾದದ ಕೆಳಗೆ ದಾರಿ ಹೋಗಿ ಕೆಸರು ಬಂತು. ಉತ್ತ ಹೊಲ.

ಮುಂದೆ ಅವನ ಕೋಲು ನೆಲ ಚುಚ್ಚುತ್ತಿತ್ತು. ಚುಚ್ಚಿ ನೋಡುತ್ತಿದ್ದ. ಏನೋ ಹುಡುಕುವವನಂತೆ.

ನಾನು ಜನರ ನಡುವೆ ನುಗ್ಗಿಕೊಂಡು ಮುಂದೆ ಹೋದೆ. ಹೇಗೆ ಹೋದೆನೋ, ನನ್ನ ಬೂಟುಗಳ ತುಂಬ ಹೊಲದ ಮಣ್ಣಿತ್ತು. ಅವನ ತೋಳು ಹಿಡಿದೆ.

"ನನ್ ಕಾಲು ಸೋತ್ಹೋಯ್ತು ಎವ್ರಾರ್. ವಾಪಸ್ ಹೋಗೋಣ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

"ಅರ್ಧ ದಾರೀಲಿ?"

"ಅರ್ಧ ದಾರೀಲೇ. ನಿನಗೆ ಮುದುಕಿ ಹೆಂಡ್ತಿ ಗಂಟು ಬಿದ್ದಿದ್ದಾಳೆ, ಏನ್ಮಾಡ್ತೀಯ!"

ಅವನು ನನ್ನ ಕೈ ತಟ್ಟಿ ಹಿಂದಿರುಗಿದ. ಮನೆ ಸೇರುವವರೆಗೂ ನಾನು ಅವನ ತೋಳು ಬಿಡಲಿಲ್ಲ. ದಾರಿ ನಾನು ಹಿಡಿಸಿದ್ದು ಅವನಿಗೆ ಗೊತ್ತಾಗಲಿಲ್ಲ ಅಂದುಕೊಂಡಿದ್ದೇನೆ.

ನಾಳೆ ಫೋನು ಮಾಡುತ್ತೇನೆ.

ಏಪ್ರಿಲ್ 8, ಸೋಮವಾರ

ಮಾಡಲಿಲ್ಲ.

ಏಪ್ರಿಲ್ 9, ಮಂಗಳವಾರ

ಆದದ್ದನ್ನು ಆದ ಹಾಗೆಯೇ ಬರೆದಿಡುತ್ತೇನೆ.

ಬೆಳಗ್ಗೆ ಸೂಪಿಗೆ ಲೀಕ್ ಸೊಪ್ಪು ಹೆಚ್ಚುತ್ತಿದ್ದೆ. ಹಿತ್ತಲಿನಿಂದ ಸದ್ದು ಬಂತು. ಟಣ್. ಸ್ವಲ್ಪ ಬಿಟ್ಟು ಮತ್ತೆ ಟಣ್. ಸಣ್ಣ ಸದ್ದು. ಕಬ್ಬಿಣದ ಮೇಲೆ ಕಬ್ಬಿಣ.

ಕೀಲಿ ನನ್ನ ಎದೆಯ ಮೇಲೆ ಇತ್ತು. ಅವನು ಬೀಗದ ಗೊಡವೆಗೇ ಹೋಗದೆ ಬಾಗಿಲಿನ ತಿರುಗಣಿ ಬಿಚ್ಚಿ ಕದವನ್ನೇ ಕಳಚಿದ್ದ.

ನಾನು ಬೀದಿಯ ಬಾಗಿಲಿಗೆ ಓಡಿದೆ. ಹಿತ್ತಲಿಗಲ್ಲ, ಬೀದಿಗೆ. ಚಿಲಕ ತೆಗೆದು ಒಂದು ಕಾಲು ಹೊರಗಿಟ್ಟಿದ್ದೆ. ಎದುರು ಮನೆಯ ಕಿಟಕಿಯಲ್ಲಿ ಬೆಕ್ಕು ಕೂತಿತ್ತು. ಮತ್ತೆ ಟಣ್ ಎಂದಿತು. ಆ ಕಾಲನ್ನು ಒಳಗೆ ತೆಗೆದುಕೊಂಡೆ.

ಕೊಟ್ಟಿಗೆಯಲ್ಲಿ ಎವ್ರಾರ್ ಗಿಡ್ಡ ಮಣೆಯ ಮೇಲೆ ಕೂತಿದ್ದ. ಗುಂಡು ಮಂಡಿಗಳ ನಡುವೆ. ಉಳಿಯ ಮೊನೆ ಹಸಿರು ಪಟ್ಟಿಯ ಮೇಲೆ. ಸುತ್ತಿಗೆ ಎತ್ತಿತ್ತು.

ಕಿರುಚಬೇಕೆಂದುಕೊಂಡೆ. ಕಿರುಚಿದರೆ ಬೆಚ್ಚುತ್ತಾನೆ. ಬೆಚ್ಚಿದರೆ ಸುತ್ತಿಗೆ ಎಲ್ಲಿ ಬೀಳುತ್ತದೋ. ನನ್ನ ಬಾಯಿಂದ ಬಂದದ್ದು ಅವನ ಅಮ್ಮನ ಮಾತು. ನನ್ನ ಅತ್ತೆಯ ರಾಗ ನನಗೆ ಚೆನ್ನಾಗಿ ಗೊತ್ತು, ವರ್ಷಗಟ್ಟಲೆ ಬೈಸಿಕೊಂಡಿದ್ದೇನೆ.

"ಎವ್ರಾರ್! ಸೂಪು ಆರ್ತಾ ಇದೆ. ಕೈ ತೊಳ್ಕೊಂಡು ಬಾ."

"ಇನ್ನೊಂದೇ ಏಟಮ್ಮಾ. ಬಿಟ್ಕೊಂಡು ಬಂದೇಬಿಡ್ತು."

"ಆಮೇಲೆ. ಅಪ್ಪ ಮೇಜಿನ ಮುಂದೆ ಕೂತಿದ್ದಾರೆ. ಕಾಯಿಸಿದ್ರೆ ಗೊತ್ತಲ್ಲ?"

ಸುತ್ತಿಗೆ ಕೆಳಗಿಳಿಯಿತು. ಆಮೇಲೆ ಅವನು ಗುಂಡನ್ನು ಎತ್ತಿಕೊಂಡು ಎದ್ದು ನಿಂತ. ಅಪ್ಪನಿಗೆ ತೋರಿಸಲು ತರುತ್ತಾನಂತೆ.

"ಅದನ್ನ ಇಲ್ಲಿ ಕೊಡು. ಊಟದ ಮೇಜಿಗೆ ಮಣ್ಣು ತರೋ ಹಾಗಿಲ್ಲ."

ಕೊಟ್ಟ. ನಾನು ಎರಡೂ ಕೈ ಚಾಚಿ ತೆಗೆದುಕೊಂಡೆ. ವರ್ಷದ ಮಗುವಿನಷ್ಟು ಭಾರ. ತಣ್ಣಗಿತ್ತು. ಒಳಗೆ ಏನೋ ಮೆಲ್ಲಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯಿತು. ಮಂಡಿಯೂರಿ ಹುಲ್ಲಿನ ಮೇಲೆ ಮಲಗಿಸಿದೆ. ಎವ್ರಾರ್ ನನ್ನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದ.

ಅವನನ್ನು ಕರೆದುಕೊಂಡು ಬೀದಿಗೆ ಬಂದ ಮೇಲೆ ಜೊಸಿಯಾನ್‌ಳ ಬಾಗಿಲು ಬಡಿದೆ. "ಹೊರಗೆ ಬಾ, ಫೋನ್ ತಗೊಂಡು ಬಾ, ಕೋಟು ಬೇಡ, ಬಾ," ಎಂದೆ.

ಏಪ್ರಿಲ್ 10, ಬುಧವಾರ

ನಿನ್ನೆ ನಮ್ಮ ಬೀದಿಯನ್ನೆಲ್ಲ ಖಾಲಿ ಮಾಡಿಸಿ ಪಂಚಾಯಿತಿ ಸಭಾಂಗಣದಲ್ಲಿ ಕೂರಿಸಿದರು. ಮನೆ ಚಪ್ಪಲಿಯಲ್ಲೇ ಬಂದವರು, ಹಲ್ಲಿನ ಸೆಟ್ಟು ಮರೆತು ಬಂದವರು. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಎವ್ರಾರ್ ಎಲ್ಲರಿಗೂ ಕೈ ಕುಲುಕಿ ಸ್ವಾಗತಿಸಿದ, ಅದು ಅವನೇ ಕರೆದ ಔತಣವೆಂಬಂತೆ.

ಬಾಂಬ್ ದಳದಲ್ಲಿ ಬಂದವರಲ್ಲಿ ಹಿರಿಯ ನನ್ನನ್ನು ಪಕ್ಕಕ್ಕೆ ಕರೆದ. ಬೆಳ್ಳಿ ಮೀಸೆಯ ಸಾವಧಾನದ ಮನುಷ್ಯ.

"ಯಾವಾಗಿಂದ ಗೊತ್ತಿತ್ತು, ಮದಾಮ್?"

"ಶುಕ್ರವಾರದಿಂದ."

"ಶುಕ್ರವಾರದಿಂದ." ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ನೂರು ವರ್ಷ ಕಾದಿದೆ, ಇನ್ನು ನಾಲ್ಕು ದಿನ ಕಾಯಲ್ವಾ ಅಂದ್ಕೊಂಡ್ರಾ? ಪಕ್ಕದ ಗೋಡೆ ಆಚೆ ಒಬ್ರು ಮಲಗ್ತಾರೆ, ಗೊತ್ತಾ ನಿಮ್ಗೆ?"

ಗೊತ್ತು ಎಂದೆ. ಅವನು ಟೋಪಿ ಹಾಕಿಕೊಂಡು ತನ್ನವರ ಬಳಿ ಹೋದ. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಮನೆಗೆ ಬಿಟ್ಟರು. ಜೊಸಿಯಾನ್‌ಳ ಮನೆಯಿಂದ ಸುಟ್ಟ ವಾಸನೆ ಬೀದಿ ತುಂಬಿತ್ತು. ಅವಳು ಕರಿ ಹಿಡಿದ ಪಾತ್ರೆ ಎತ್ತಿಕೊಂಡು ನೇರವಾಗಿ ನಮ್ಮ ಅಡುಗೆಮನೆಗೆ ಬಂದು ಮೇಜಿನ ಮೇಲೆ ಕುಕ್ಕಿದಳು. ಪಾತ್ರೆ ಕುಕ್ಕಿದ ಸದ್ದಿಗೆ ನಾನು ಗೋಡೆಗೆ ಒರಗಿಬಿಟ್ಟೆ.

"ನೋಡು! ಬೆಳಗ್ಗೆಯಿಂದ ಬಿಯರಲ್ಲಿ ಬೇಯಿಸಿಟ್ಟ ಮಾಂಸ! ಬೂಟಿನ ಅಟ್ಟೆ ಆಗೋಗಿದೆ. ಇದನ್ನ ನೀನೇ ತಿನ್ನು."

"ಜೊಸಿಯಾನ್, ನಿನ್ನ ಗೋಡೆ ಪಕ್ಕಾನೇ... ನಾಲ್ಕು ದಿನ..."

"ಕೇಳಿದೆ, ಊರೆಲ್ಲಾ ಅದೇ ಮಾತು." ಅವಳು ಪಾತ್ರೆಯನ್ನು ನನ್ನತ್ತ ತಳ್ಳಿದಳು. "ಯಾಕೇ ಹೇಳ್ಲಿಲ್ಲ ನೀನು? ನಾನೇನು ಹುಲೀನಾ?"

"ಕರ್ಕೊಂಡು ಹೋಗ್ತಾರೆ ಅವನ್ನ. ಎಲ್ರಿಗೂ ಗೊತ್ತಾದ್ರೆ..."

"ಎಲ್ರಿಗೂ ಗೊತ್ತು ಕಣೇ ಪೆದ್ದೀ! ನವೆಂಬರಿಂದ ಗೊತ್ತು. ಅವನು ಎಲ್ಲಿಗೆ ಕರ್ಕೊಂಡು ಹೋದ್ರೂ ಕುರಿಗಳ ಹಾಗೆ ಹಿಂದೆ ಹೋಗ್ತಿದ್ವಲ್ಲ, ಯಾಕೆ ಅಂದ್ಕೊಂಡೆ? ಆ ಕೆಸರು ನೋಡೋಕಾ? ನಿಂಗೆ ಗೊತ್ತಿಲ್ಲ, ಗೊತ್ತಾದ್ರೆ ನೀನು ತಡ್ಕೊಳಲ್ಲ, ನಿನ್ನದು ಹೆದರುಪುಕ್ಕಲು ಜೀವ ಅಂತ ನಾವೆಲ್ಲ ಬಾಯಿ ಹೊಲ್ಕೊಂಡಿದ್ವಿ."

ಇಬ್ಬರೂ ಕೂತೆವು. ಸುಟ್ಟ ಮಾಂಸದಲ್ಲಿ ಮೇಲಿನ ಪದರ ತಿನ್ನುವಂತಿತ್ತು. ಎವ್ರಾರ್ ಬಂದು ಎರಡು ಸಲ ಬಡಿಸಿಕೊಂಡ.

ಏಪ್ರಿಲ್ 24, ಬುಧವಾರ

ಡಾಕ್ಟರಿಗೆ ತೋರಿಸಿದ್ದಾಯಿತು. ಪರೀಕ್ಷೆಗಳಾದವು. ಕಾಯಿಲೆಗೆ ಈಗ ಹೆಸರಿದೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಪೊಲೀಸರು ಕೇಸು ಹಾಕಲಿಲ್ಲ. ಸಮಾಜ ಕಲ್ಯಾಣದ ಹುಡುಗಿ ಬಂದಿದ್ದಳು. ಮೃದು ದನಿ. ಆರ್ಮಾಂತಿಯೇರ್‌ನಲ್ಲಿ ಇಂಥವರಿಗಾಗಿಯೇ ಒಂದು ನಿವಾಸವಿದೆಯಂತೆ, ತೋಟವಿದೆಯಂತೆ, ಗೇಟಿಗೆ ಸಂಖ್ಯೆ ಒತ್ತುವ ಬೀಗವಂತೆ. "ಈಗಲೇ ಅಂತಲ್ಲ. ಜಾಗ ಖಾಲಿಯಾದಾಗ ನಿಮಗೆ ಫೋನ್ ಮಾಡ್ತೀವಿ, ಆಗ ತೀರ್ಮಾನ ಮಾಡಿ," ಎಂದಳು.

ಅಂದರೆ ಅಲ್ಲಿ ಯಾರಾದರೂ ಸಾಯಬೇಕು. ಫೋನು ಸದ್ದು ಮಾಡಿದಾಗಲೆಲ್ಲ ಹೊಟ್ಟೆಯಲ್ಲಿ ಏನೋ ಹರಿದಾಡುತ್ತದೆ, ಮೆಲ್ಲಗೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ.

ಗೊದ್‌ಫ್ರುವಾ ತನ್ನ ಕಂಬದ ಸುತ್ತ ಮುಳ್ಳುತಂತಿ ಕಟ್ಟಿದ್ದಾನೆ. ಒಂದು ಮೂಟೆ ಆಲೂಗಡ್ಡೆ ತಂದು ಬಾಗಿಲಲ್ಲಿಟ್ಟು ಹೋದ.

ಮೇ 5, ಭಾನುವಾರ

ಈ ತಿಂಗಳು ನಡಿಗೆ ಇರುವುದಿಲ್ಲ ಎಂದುಕೊಂಡು ನಾನು ಬೆಳಗ್ಗೆ ಬಟ್ಟೆ ನೆನೆಸಿದ್ದೆ. ಗಂಟೆ ಬಾರಿಸುವ ಹೊತ್ತಿಗೆ ಚಪ್ಪಟೆ ಪಾದಗಳೆಲ್ಲ ನಮ್ಮ ಮನೆ ಮುಂದೆ ನಿಂತಿದ್ದವು. ಪಟ್ಟಣದಿಂದ ಬಂದ ಹೊಸ ದಂಪತಿಯೂ ಇದ್ದರು, ಹೊಚ್ಚ ಹೊಸ ಬೂಟು ಹಾಕಿಕೊಂಡು.

"ಯಾರು ನಡೆಸೋದು?" ಎಂದೆ.

"ನಮಗೇನು ಗೊತ್ತು? ನಾವು ಹಿಂದೆ ಬರೋರು," ಎಂದಳು ಜೊಸಿಯಾನ್.

ಒದ್ದೆ ಕೈಯಲ್ಲೇ ಕೋಟು ಹಾಕಿಕೊಂಡೆ. ಎವ್ರಾರ್‌ನ ಕೈ ಹಿಡಿದುಕೊಂಡೆ. ಕವಲಿನಲ್ಲಿ ಬಲಕ್ಕೆ. ಕಾಲುವೆಯಲ್ಲಿ ನೀರು ಇಳಿದಿತ್ತು, ಬೀಟ್ ಮೊಳಕೆ ಸಾಲು ಹಿಡಿದಿತ್ತು. ಬಂಕರಿನ ಹತ್ತಿರ ಹೊಸಬರು ಏನಾದರೂ ಹೇಳಿ ಎಂದರು. ನನಗೆ ಆ ಅಡುಗೆಯವನ ಕಥೆ ಪೂರ್ತಿ ಬರುವುದಿಲ್ಲ. ಬಂದಷ್ಟು ಹೇಳಿದೆ. ಎವ್ರಾರ್ ಗಮನವಿಟ್ಟು ಕೇಳಿ, ಕೊನೆಗೆ "ಅಯ್ಯೋ ಪಾಪ," ಎಂದ, ಮೊದಲ ಸಲ ಕೇಳಿದವನ ಹಾಗೆ.

ಮೋಡ ಕಟ್ಟಿ ಪಶ್ಚಿಮದಲ್ಲಿ ಗುಡುಗಿತು. ಉಳಿದವರನ್ನು ರಸ್ತೆಯಲ್ಲಿ ಕಳಿಸಿ, ನಾವಿಬ್ಬರು ಗೊದ್‌ಫ್ರುವಾನ ಹೊಲದ ಬದುವಿನ ಮೇಲೆ ಬಂದೆವು. ಅಲ್ಲಿಂದ ಹತ್ತಿರ, ಎವ್ರಾರ್‌ಗೆ ಮೆತ್ತನೆಯ ನೆಲ ಒಳ್ಳೆಯದು.

ಅರ್ಧ ದಾರಿಯಲ್ಲಿ ಅವನು ನಿಂತ. ಟೋಪಿ ತೆಗೆದ. ಇಷ್ಟು ವರ್ಷದಲ್ಲಿ ನನಗೆ ಗೌರವ ತೋರಿಸಿ ಅವನು ಟೋಪಿ ತೆಗೆದದ್ದು ಮದುವೆಯ ದಿನ ಮಾತ್ರ ಇರಬೇಕು.

"ಮದಾಮ್, ನೀವು ತುಂಬಾ ದೂರ ಬಂದ್ರಿ ನನ್ನ ಜೊತೆ. ಮಳೆ ಬೇರೆ ಬರೋ ಹಾಗಿದೆ. ನಿಮ್ಮ ಮನೇವ್ರು ಕಾಯ್ತಿರಲ್ವಾ?"

ಅವನ ಮುಖದಲ್ಲಿ ನಿಜವಾದ ಕಳವಳವಿತ್ತು. ನನ್ನ ಸಲುವಾಗಿ.

ಗಾಳಿ ಎದ್ದಿತ್ತು. ನಾನು ಕೋಟಿನ ಗುಂಡಿ ಹಾಕಿಕೊಂಡೆ.

"ಕಾಯ್ಲಿ ಬಿಡಿ," ಎಂದೆ. "ಅವರು ಒಳ್ಳೇವ್ರು, ಏನೂ ಅನ್ನಲ್ಲ. ನಿಮ್ಮನ್ನ ಮನೆ ಮುಟ್ಟಿಸ್ತೀನಿ, ಬನ್ನಿ."

ಅವನು ಟೋಪಿ ಹಾಕಿಕೊಂಡು, ಸಂಕೋಚಪಡುತ್ತಲೇ, ತನ್ನ ತೋಳನ್ನು ನನಗೆ ಕೊಟ್ಟ.